ತಟ್ಟಿ ನೋಡಿದ ಮರ

ಬೆಳಕು ಹರಿಯುವ ಮೊದಲು ಆಕೆ ಬಚ್ಚಲ ಒಲೆಯ ಬೂದಿ ತೆಗೆಯುತ್ತಾಳೆ. ಹಂಡೆಗೆ ಎಂಟು ಕೊಡ ನೀರು ಸುರಿದು ಉರಿ ಹಚ್ಚುತ್ತಾಳೆ. ಅಡುಗೆ ಒಲೆ ಹೊತ್ತಿಸುತ್ತಾಳೆ. ಅಂಗಳ ಗುಡಿಸಿ, ಎರಡು ಮೇಕೆಗಳ ಹಾಲು ಕರೆದು, ಮಗಳ ಯೂನಿಫಾರಂಗೆ ಗುಂಡಿ ಹೊಲಿದು, ಗಂಡನ ಬುತ್ತಿ ಕಟ್ಟುತ್ತಾಳೆ. ಮೈದುನನ ಅಂಗಿಯನ್ನು ಅವನ ಕಣ್ಣೆದುರಿನ ಮೊಳೆಗೇ ತೂಗುಹಾಕುತ್ತಾಳೆ. ಆದರೂ ಅವನು ಎದ್ದು ‘ಅತ್ತಿಗೆ, ಅಂಗಿ ಎಲ್ಲಿ?’ ಎಂದೇ ಕೇಳುತ್ತಾನೆ. ಮತ್ತೆ ಬಚ್ಚಲ ಒಲೆಗೆ ಸೌದೆ ತಳ್ಳುತ್ತಾಳೆ. ಇಷ್ಟಾಗುವ ಹೊತ್ತಿಗೆ ಹಿತ್ತಿಲಾಚೆಯ ಕುರುಚಲು ಕಾಡಿನಿಂದ ಗಿಣಿಗಳ ಮೊದಲ ಕಿರುಚಾಟ ಕೇಳುತ್ತದೆ. ಮನೆಯವರು ಆಗ ಮಗ್ಗುಲು ಬದಲಿಸುತ್ತಾರೆ.

ಆ ಕಾಡಿನಲ್ಲಿ ಮುಳ್ಳು, ಕಲ್ಲು, ಬೆರಳೆಣಿಕೆಯ ಮಳೆ. ಆದರೂ ಜಾಲಿ ಕಾಯಿ ಬಿಟ್ಟಿತೆಂದರೆ ಗಿಣಿಗಳ ಹಿಂಡು ಇಳಿಯುತ್ತದೆ. ಅವುಗಳಷ್ಟು ದುಂದುಗಾರರು ಇನ್ನೊಬ್ಬರಿಲ್ಲ. ಒಂದು ಕಾಯಿ ಕೀಳುವುದು, ಎರಡು ಕಾಳು ಕುಕ್ಕುವುದು, ಉಳಿದದ್ದನ್ನು ಕೆಳಗೆ ಬಿಟ್ಟು ಮುಂದಿನದಕ್ಕೆ ಕೊಕ್ಕು ಹಾಕುವುದು. ಬಿದ್ದದ್ದೆಲ್ಲ ಮೇಕೆಗಳಿಗೆ. ಮೊದಲು ಆಕೆ ದೋಟಿ ಹಿಡಿದು, ಕತ್ತು ಮೇಲೆತ್ತಿ, ಗಂಟೆಗಟ್ಟಲೆ ಕಾಯಿ ಉದುರಿಸುತ್ತಿದ್ದಳು. ಈಗ ಬುಟ್ಟಿ ಒಯ್ದು ಆಯ್ದುಕೊಂಡರೆ ಸಾಕು.

“ಮದುವೆಯಾಗಿ ಹದಿನೇಳು ವರ್ಷ ಆಯ್ತು. ನನ್ನ ಕೈಯಿಂದ ಒಂದು ಕೆಲಸ ಇಸ್ಕೊಂಡು ಮಾಡಿದ್ದು ಈ ಗಿಣಿಗಳು ಮಾತ್ರ,” ಎನ್ನುತ್ತಾಳೆ. ಗಂಡ ರೇಡಿಯೊದ ಸದ್ದು ಹೆಚ್ಚಿಸುತ್ತಾನೆ.

“ಮತ್ತೆ ನಾನು?” ಎಂದು ಅತ್ತೆ ಕೇಳುತ್ತಾಳೆ.

“ನೀವು ನಂಗೆ ತಟ್ಟೋದು ಕಲಿಸಿದ್ರಿ. ಅದು ಬೇರೆ ಮಾತು.”

ತಟ್ಟುವುದೆಂದರೆ, ಒಣಮರ ಕಡಿಯುವ ಮುಂಚೆ ಕೊಡಲಿಯ ಹಿಂಬದಿಯಿಂದ ಮೂರು ಸಲ ಬಡಿದು, ಕಾಂಡಕ್ಕೆ ಕಿವಿ ಆನಿಸುವುದು. ಮದುವೆಯಾದ ಹೊಸತರಲ್ಲಿ ಆಕೆ ತಟ್ಟದೆ ಒಂದು ಮರ ಕೆಡವಿದ್ದಳು. ಪೊಟರೆಯಿಂದ ಪುಕ್ಕ ಬಾರದ ಮೂರು ಗಿಣಿಮರಿಗಳು ಕಲ್ಲಿನ ಮೇಲೆ ಬಿದ್ದವು. ಹೊಸ ಸೊಸೆಗೆ ಅನ್ನಲು ಅತ್ತೆಯ ಬಾಯಲ್ಲಿ ಬೇಕಾದಷ್ಟು ಮಾತಿದ್ದವು. ಒಂದನ್ನೂ ಆಡಲಿಲ್ಲ. ಮರಿಗಳನ್ನು ಮಣ್ಣು ಮಾಡಿ, ಪಕ್ಕದ ಮರಕ್ಕೆ ತಟ್ಟಿ ತೋರಿಸಿ, ಕೊಡಲಿಯನ್ನು ಸೊಸೆಯ ಕೈಗೆ ಮರಳಿ ಕೊಟ್ಟಳು. ಅಂದು ಅತ್ತೆ ನುಂಗಿಕೊಂಡ ಬೈಗುಳಕ್ಕೆ ಆಕೆ ಇಂದಿಗೂ ಕೃತಜ್ಞಳು.

ಅರಣ್ಯ ಇಲಾಖೆ ಪ್ರತಿ ಮನೆಗೆ ವರ್ಷಕ್ಕೊಂದು ಒಣಮರ ಕೊಡುತ್ತದೆ. ಮನೆಯವರು ತೋರಿಸಿದ ಮರಕ್ಕೆ ಗಾರ್ಡ್ ಸುಣ್ಣದ ಗೆರೆ ಎಳೆಯುತ್ತಾನೆ. ಎಂಟು ದಿನದೊಳಗೆ ಕಡಿದು ಸಾಗಿಸಬೇಕು. ಮನೆಯಿಂದ ಕೂಗಳತೆಯಲ್ಲಿದ್ದ ಒಂದು ಮರ ಒಣಗಲೆಂದು ಆಕೆ ಎರಡು ವರ್ಷದಿಂದ ಕಾಯುತ್ತಿದ್ದಳು. ಈ ವರ್ಷ ಅದು ಒಣಗಿತ್ತು. ಹೊರೆ ಹೊತ್ತು ಹೊತ್ತು ಆಕೆಯ ಕತ್ತಿನ ನರ ಹಿಡಿದುಕೊಂಡಿತ್ತು. ಇನ್ನೂ ದೂರದಿಂದ ಹೊರೆ ಹೊತ್ತರೆ ಬಲಗೈಯ ಶಕ್ತಿಯೇ ಹೋದೀತು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಉಳಿದ ಒಣಮರಗಳೆಲ್ಲ ಹಳ್ಳದಾಚೆ, ಒಂದು ಗಂಟೆಯ ದಾರಿ.

ಗಾರ್ಡ್ ಬರುವ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ ಆಕೆ ಆ ಮರಕ್ಕೆ ತಟ್ಟಿದಳು. ಒಳಗಿನಿಂದ ಕೊರ್ ಕೊರ್ ಎಂದು ಎಳೆಯ ದನಿಗಳು ಬಂದವು. ಮೇಲಿನ ಪೊಟರೆಯಲ್ಲಿ ಕೆಂಪು ಕೊಕ್ಕೊಂದು ಇಣುಕಿತು. ಗಂಡುಗಿಣಿ ಹಾರಿಬಂದು ಹೆಣ್ಣಿನ ಬಾಯಿಗೆ ತುತ್ತಿಟ್ಟಿತು.

“ನೋಡೇ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ,” ಎಂದಳು ಅತ್ತೆ.

“ನಿಮ್ಮ ಮಗನಿಗೆ ನೀವು ಹೇಳಿಕೊಡಬಹುದಿತ್ತು.”

“ಹಾಗೂ ಉಂಟು ಅಂತ ನನಗೇ ಗೊತ್ತಿದ್ರೆ ತಾನೆ?”

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಮರಿಗಳು ಬೆದರಬಾರದೆಂದು. ಅತ್ತೆ ಸೊಸೆಯ ಕತ್ತಿನ ಕಡೆ ಒಮ್ಮೆ ನೋಡಿ, “ನಾನೇನೂ ಹೇಳಲ್ಲಮ್ಮ,” ಎಂದು ಮನೆಗೆ ಹೊರಟಳು.

ಸ್ವಲ್ಪ ಹೊತ್ತಿಗೆ ಗಾರ್ಡ್ ಸುಣ್ಣದ ಡಬ್ಬಿ ಹಿಡಿದು ಬಂದ. “ಏನ್ ಟಕಟಕ ಅಕ್ಕ, ಮರ ಏನಂತು?”

“ಮರಿ ಇವೆ ಅಂತು. ಒಂದೂವರೆ ತಿಂಗಳು ಬಿಟ್ಟು ಬನ್ನಿ ಅಣ್ಣ.”

“ಪಟ್ಟಿ ಇವತ್ತಿಗೆ ಮುಗೀತು. ಇದು ಬೇಡ ಅಂದ್ರೆ ಹಳ್ಳದಾಚೇದು ಬರೀತೀನಿ. ಮನೆಯವರನ್ನ ಕೇಳ್ಕೊಂಡು ಬರ್ತೀರಾ?”

“ಹೊರೆ ಹೊರೋಳು ನಾನು. ಯಾರನ್ನ ಕೇಳ್ಲಿ? ಈ ವರ್ಷ ಯಾವುದೂ ಬೇಡ ಅಂತ ಬರ್ಕೊಳ್ಳಿ.”

ಗಾರ್ಡ್ ತಲೆ ಕೆರೆದುಕೊಂಡು ಬರೆದುಕೊಂಡ.

ಸಂಜೆ ಆಕೆ ಸೌದೆಮನೆಯಲ್ಲಿ ನಿಂತಳು. ಉಳಿದದ್ದು ನಾಲ್ಕು ತಿಂಗಳಿಗೆ ಆಗುವಷ್ಟು. ಮರಿಗಳನ್ನು ಉಳಿಸಿದ್ದಾಯಿತು, ಅದರ ಭಾರವನ್ನೂ ಇದೇ ಕತ್ತು ಹೊರಬೇಕೆ? ದಿನಕ್ಕೆ ಹತ್ತು ಸೌದೆ ಉರಿದರೆ ಅಡುಗೆಗೆ ಬೇಕಾಗುವುದು ಮೂರೇ. ಏಳನ್ನು ತಿನ್ನುವುದು ಬಚ್ಚಲ ಒಲೆ. ಅಡುಗೆಗೆ ಮಾತ್ರ ಉರಿಸಿದರೆ ವರ್ಷ ದೂಡಬಹುದು. ಈ ಬಿಸಿಲ ಸೀಮೆಯಲ್ಲಿ ತಣ್ಣೀರು ಮೈಗೆ ಬಿದ್ದರೆ ಯಾರೂ ಕರಗಿಹೋಗುವುದಿಲ್ಲ. ಅತ್ತೆಯ ಮೈಕೈ ನೋವಿಗೆ ಒಂದು ಪಾತ್ರೆ ನೀರು ಅಡುಗೆ ಒಲೆಯ ಕೆಂಡದ ಮೇಲೇ ಬಿಸಿಯಾದೀತು. ಇನ್ನು ಹಳ್ಳದಾಚೆ ತಾನಾಗಿ ಬಿದ್ದ ಕೊಂಬೆ ತರಲು ಇಲಾಖೆಯ ಅಪ್ಪಣೆ ಬೇಡ, ಎರಡು ಭುಜ ಇದ್ದರಾಯಿತು. ಮನೆಯಲ್ಲಿ ಅಂಥ ಭುಜ ನಾಲ್ಕಿವೆ.

ಮರುದಿನ ಬೆಳಕು ಹರಿಯುವ ಮೊದಲು ಆಕೆ ಬಚ್ಚಲ ಒಲೆಯ ಬೂದಿ ತೆಗೆದಳು. ಹಂಡೆಗೆ ನೀರು ಸುರಿಯಲಿಲ್ಲ. ಅದನ್ನು ಒಲೆಯ ಮೇಲೆ ಬೋರಲು ಹಾಕಿ, ಹೊರೆ ಕಟ್ಟುವ ಹಗ್ಗವನ್ನು ಸುತ್ತಿ ಅದರ ಮೇಲಿಟ್ಟಳು, ಮೈದುನನಿಗೂ ಕಾಣುವಂತೆ. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಗಿಣಿಗಳು ಏಳುವುದನ್ನು ಕಾದಳು.