ಬೀದಿ ಕೇಳದ ಪೇಪರು

ಮಧುಗಿರಿಯ ಲೈಬ್ರರಿಯಲ್ಲಿ ನನ್ನ ಪಕ್ಕ ಕೂತು ಓದುತ್ತಿದ್ದವಳು ಐ.ಡಿ.ಹಳ್ಳಿ ಕಡೆಯಿಂದ ಬರುತ್ತಿದ್ದಳು. ಸರ್ಕಾರಿ ಟೀಚರ್ ಪರೀಕ್ಷೆಯ ಹಾಲ್ ಟಿಕೆಟ್ ತೆಗೆದಾಗಲೆಲ್ಲ ಅದರ ನಂಬರನ್ನು ಬೆರಳಿನಿಂದ ಸವರುತ್ತಿದ್ದಳು. ಬರೀ ಪರೀಕ್ಷೆಯಿಂದ ಯೋಗ್ಯತೆ ತಿಳಿಯುವುದಿಲ್ಲ, ಸಂದರ್ಶನವೇ ಸರಿ ಎಂದು ನಾನು ವಾದಿಸಿದರೆ ನಕ್ಕುಬಿಡುತ್ತಿದ್ದಳು: "ಪೇಪರ್ರು ಮನೆ ಯಾವ ಬೀದೀಲೈತೆ ಅಂತ ಕೇಳಾಕಿಲ್ಲ ಕಣಮ್ಮ."

ಒಂದು ಖಾಸಗಿ ಶಾಲೆಯ ಟೀಚರ್ ಕೆಲಸದ ಸಂದರ್ಶನಕ್ಕೆ ಇಬ್ಬರೂ ಹೋದೆವು. ಅವಳು ಎರಡೇ ನಿಮಿಷಕ್ಕೆ ಹೊರಬಂದಳು.

"ಊರು ಕೇಳುದ್ರು, ಹೇಳ್ದೆ. ಬೀದಿ ಕೇಳುದ್ರು, ಅದ್ನೂ ಹೇಳ್ದೆ. ಪಾಠದ್ದು ಕೇಳ್ಲೇ ಇಲ್ಲ."

ಆಮೇಲೆ ಒಳಗೆ ಹೋದ ನನಗೆ ಅಲ್ಲೇ ಕೆಲಸ ಕೊಟ್ಟರು. ಕೇಳಿದ್ದು ಯಾರ ಮಗಳು ಎಂದಷ್ಟೇ, ಹೆಮ್ಮೆಯಿಂದ ಹೇಳಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಸಿಕ್ಕಿದ್ದು ಹೇಳಿದಾಗ ಅವಳು, "ನಿನ್ನೇನ್ ಕೇಳುದ್ರು?" ಅಂದಳು.

"ಪಾಠದ್ದು" ಅಂದೆ.

"ಅಂಗಾದ್ರೆ ಸರಿಯಾಗೇ ಐತೆ ಬುಡು" ಎಂದು ನನ್ನ ಕೈ ಕುಲುಕಿದಳು.