ದಾದಿ ಹೊರಗೆ ಬಿಟ್ಟ ದಾರ

ಇಸ್ತ್ರಿ ಒಂದೇ ಕಡೆ ಹೆಚ್ಚು ಹೊತ್ತು ನಿಂತು ದುಪಟ್ಟಾದ ಅಂಚು ಕಂದಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ನೆಹರು ನಗರದ ಈ ಬಾಡಿಗೆ ಕೋಣೆಯಲ್ಲಿ ಅದು ಎದ್ದರೆ ನಾನು ಮೊದಲು ಬಾಗಿಲು ತೆಗೆಯುತ್ತೇನೆ, ಆಮೇಲೆ ಇಸ್ತ್ರಿ ಎತ್ತುತ್ತೇನೆ. ಸುಟ್ಟ ಹತ್ತಿಯ ಆ ವಾಸನೆಯ ಹಿಂದೆಯೇ ಪೀರನವಾಡಿಯ ನಮ್ಮ ಮನೆ ಬರುತ್ತದೆ: ಪಡಸಾಲೆಯ ತುಂಬ ಹಿಂಜಿದ ಅರಳೆ, ರೆಪ್ಪೆಯ ಮೇಲೆಲ್ಲ ಬಿಳಿ ನವಿರು, ಅರಳೆ ಹಿಂಜಲು ಅಪ್ಪ ಮೀಟುವ ಬಿಲ್ಲಿನ ಝೇಂಕಾರ, ನಡುವೆ ಕಾಲು ಚಾಚಿ ಕೂತು ಗಾದಿ ಹೊಲಿಯುವ ದಾದಿ, ಅಪ್ಪನ ತಾಯಿ. ಮನೆಯಲ್ಲಿ ಆಡುತ್ತಿದ್ದುದು ಉರ್ದು. ಕೆಲಸದ ಮಾತು ಬಂದರೆ ಮಾತ್ರ ದಾದಿಯ ಬಾಯಿಗೆ ಗಿರಾಕಿಗಳ ಕನ್ನಡವೇ ಬರುತ್ತಿತ್ತು.

ಏಳನೆಯ ತರಗತಿಯಲ್ಲಿ ಖಾನಾಪುರದ ಕಾಡಂಚಿಗೆ ಗೈಡ್ಸ್ ಕ್ಯಾಂಪು ಹೊರಟಾಗ, ಅಂಗಡಿಯ ಜಿಪ್ಪಿನ ಸ್ಲೀಪಿಂಗ್ ಬ್ಯಾಗೇ ಬೇಕೆಂದು ಹಟ ಹಿಡಿದೆ. ದಾದಿ ಎರಡು ದಿನ ಕೂತು ತಾನೇ ಒಂದನ್ನು ಹೊಲಿದಳು. ತೆಳ್ಳಗೆ ಅರಳೆ ತುಂಬಿದ ಚೀಲ, ಕುತ್ತಿಗೆಯ ಬಳಿ ಲಾಡಿ. ಕಾಲಿನ ಬದಿಗೆ ಮಾತ್ರ, ನಮ್ಮವರು ಪ್ರತಿ ಗಾದಿಗೂ ಹಾಕುವಂತೆ, ಅಕ್ಕಿ ಚೀಲದ ಬಾಯಿಗಿರುವಂಥ ಸರಪಳಿ ಹೊಲಿಗೆ. ಅದರ ದಾರದ ತುದಿ ಗೇಣುದ್ದ ಹೊರಗೆ. ಮುಂದೆ ಅರಳೆಯನ್ನು ಮತ್ತೆ ಹಿಂಜುವಾಗ ಒಮ್ಮೆ ಎಳೆದರೆ ಸಾಕು, ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದೆ.

"ಈ ಬಾಲ ಯಾಕ ದಾದಿ? ಗಾದಿ ಹೊತ್ತು ಬಂದಾಳ ಅಂತ ನಗ್ತಾರ."

"ನಗವಲ್ರ್ಯಾಕ. ಮಲಗಾವ್ರು ಒಳಗಿರ್ತಾರ, ಬಿಚ್ಚೂ ದಾರ ಹೊರಗಿರಬೇಕು."

ಅವಳು ನಮಾಜಿಗೆ ಎದ್ದಾಗ ನಾನು ಆ ತುದಿಯನ್ನು ಕತ್ತರಿಸಿ, ಹೊಲಿಗೆ ಬಿಚ್ಚದಿರಲೆಂದು ಉಳಿದುದಕ್ಕೆ ಎರಡು ಗಂಟು ಬಿಗಿದೆ.

ಡೇರೆಯೊಳಗೆ ಭತ್ತದ ಹುಲ್ಲು ಹಾಸಿದ್ದರು. ಕೂತರೂ ಮಲಗಿದರೂ ಚುಚ್ಚುತ್ತಿತ್ತು. ಹಾಗಾಗಿ ನನ್ನ ಚೀಲ ಎಲ್ಲರಿಗೂ ಬೇಕು. ಎರಡನೆಯ ದಿನ ಮಧ್ಯಾಹ್ನದ ಊಟವಾದ ಮೇಲೆ ನನ್ನ ಗೆಳತಿ, ಮಹಾಂತೇಶ ನಗರದ ಜೈನರ ಹುಡುಗಿ ಪದ್ಮಶ್ರೀ, ಅದರೊಳಗೆ ಇಳಿದಳು. "ಲೇ ಶಬಾನಾ, ಖರೇನ ರಾಣಿ ಹಾಸಿಗಿ ಐತಿ ಇದು. ನಾ ಇನ್ನ ಹೊರಗ ಬರಂಗಿಲ್ಲ." "ಹಂಗಾರ ಅಲ್ಲೇ ಇರು, ಬೆಲ್ಲದ ಪೆಂಟಿ," ಎಂದು ನಾನು, ಗೋಣಿಯಲ್ಲಿ ಸುತ್ತಿದ ಬೆಲ್ಲದ ಮುದ್ದೆಯನ್ನು ಕಟ್ಟುವಂತೆ, ಲಾಡಿ ಎಳೆದು ಗಂಟು ಹಾಕಿದೆ. ಅವಳ ಎರಡೂ ಕೈ ಒಳಗಿದ್ದವು. ಎಲ್ಲರೂ ನಗುತ್ತಿರುವಾಗಲೇ ಗಾಳಿ ತಿರುಗಿತು. ಹೊರಗಿನ ಒಲೆಯ ಕಿಡಿ ಡೇರೆಯ ಅಂಚಿನಿಂದ ಹುಲ್ಲಿಗೆ ತಗುಲಿತು. ಹುಡುಗಿಯರು ಓಡಿದರು. "ಬಿಚ್ಚ ಲೇ," ಎಂದಳು ಪದ್ಮಶ್ರೀ, ಇನ್ನೂ ಅರ್ಧ ನಗುತ್ತ. ಎಳೆದಷ್ಟೂ ಲಾಡಿಯ ಗಂಟು ಬಿಗಿಯಿತು. ಹೊಗೆಯಲ್ಲಿ ಅವಳ ಕಾಲಿನ ಬದಿಗೆ ಹೋಗಿ ದಾರ ತಡಕಿದೆ. ಬೆರಳಿಗೆ ಸಿಕ್ಕಿದ್ದು ನಾನೇ ಬಿಗಿದ ಗಂಟು. ಹತ್ತಿಯಲ್ಲಿ ಬೆಂಕಿ ಉರಿದು ಕಾಣುವುದಿಲ್ಲ, ಒಳಗೊಳಗೇ ನಡೆಯುತ್ತದೆ; ಅದು ನಡೆಯುವುದು ಅವಳ ಕೂಗಿನಲ್ಲಿ ನನಗೆ ತಿಳಿಯಿತು. ಟೀಚರು ನುಗ್ಗಿ ಚೀಲ ಸಮೇತ ಅವಳನ್ನು ಹೊರಗೆಳೆದು, ಕಾಯಿಪಲ್ಲೆ ಹೆಚ್ಚುವ ಚಾಕುವಿನಿಂದ ಸೀಳಿದರು. ಜೀವ ಉಳಿಯಿತು. ಎಡಗಾಲಿನ ಎರಡು ಬೆರಳು ಒಂದಕ್ಕೊಂದು ಕೂಡಿಕೊಂಡೇ ಮಾಯ್ದವು.

ಸುಟ್ಟ ಚೀಲವನ್ನು ದಾದಿ ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೋದಳು. ಗಂಟಿನ ಬಳಿ ಬೆರಳು ನಿಂತಿತು. ನನ್ನತ್ತ ನೋಡಲಿಲ್ಲ. "ಇಲಿ ಕಡದಿರಬೇಕು," ಎಂದಳು. ನಾನು ಹೂಂ ಅಂದೆ. ಇಲಿ ಗಂಟು ಹಾಕುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಹೂಂನಿಂದ ನಾನಿನ್ನೂ ಹೊರಗೆ ಬಂದಿಲ್ಲ. ದಾದಿ ಹೋದಳು. ಬಿಲ್ಲು ಗೋಡೆಯಿಂದ ಇಳಿಯಿತು. ಪಡಸಾಲೆಯಲ್ಲೀಗ ಯಾರದೋ ಮೊಬೈಲ್ ಅಂಗಡಿ. ಪದ್ಮಶ್ರೀ ಫೋನು ಮಾಡಿದಾಗಲೆಲ್ಲ "ಬೆಲ್ಲದ ಪೆಂಟಿ ಮಾತಾಡಾಕತ್ತೀನಿ" ಎಂದು ನಗುತ್ತಾಳೆ. ಲಾಡಿಯ ಗಂಟನ್ನು ಅವಳು ಎಂದೋ ಕ್ಷಮಿಸಿದ್ದಾಳೆ. ಇನ್ನೊಂದು ಗಂಟಿನ ವಿಷಯ ಅವಳಿಗೆ ಹೇಳಿಲ್ಲ. ನನ್ನ ಕೋಣೆಯಲ್ಲಿರುವುದು ಫೋಮಿನ ಹಾಸಿಗೆ. ಮಲಗುವ ಮುನ್ನ ಕೈ ತಾನಾಗಿ ಅದರ ಕಾಲಿನ ಬದಿಗೆ ಹೋಗಿ ಅಂಚಿನುದ್ದಕ್ಕೂ ತಡಕುತ್ತದೆ. ಅದಕ್ಕೆ ದಾರವಿಲ್ಲ.