ನಂಬರಿನ ಹಿಂದಿನ ಹೆಸರು

“ಅಣ್ಣಾರ, ನಿಮ್ಮ ನಂಬರ್ ಹಾಕಿದ್ರ ಆ್ಯಪಿನಾಗ ‘ಜಗಳಗಂಟ ಬಸಣ್ಣ, ಮರಳಿ’ ಅಂತ ಬರ್ತೈತಲ್ರಿ?” ಎಂದು ನಾನು ಕೇಳಿಯೇಬಿಟ್ಟೆ. ನನ್ನ ಮಗಳನ್ನು ನೋಡಲು ಬಂದಿದ್ದ ವರನ ತಂದೆಯ ಬಾಯಿಗೆ ಹೊರಟಿದ್ದ ಅವಲಕ್ಕಿಯ ಚಮಚ ಅರ್ಧದಲ್ಲೇ ನಿಂತಿತು.

ಯಾವುದೇ ನಂಬರ್ ಒತ್ತಿದರೂ, ಜನ ಅದನ್ನು ತಮ್ಮ ಮೊಬೈಲಿನಲ್ಲಿ ಯಾವ ಹೆಸರಿನಿಂದ ಬರೆದುಕೊಂಡಿದ್ದಾರೋ ಅದನ್ನೇ ತೋರಿಸುವ ಆ್ಯಪ್ ಅದು. ಮೊದಲೆಲ್ಲ ವರನ ಊರಿಗೇ ಹೋಗಿ ಚಹಾದಂಗಡಿಯಲ್ಲಿ ಕೂತು ಮನೆತನ ವಿಚಾರಿಸುತ್ತಿದ್ದರು. ಕುಷ್ಟಗಿಯಿಂದ ಅಷ್ಟು ದೂರದ ಮರಳಿ ಎಂಬ ಅವರ ಊರಿಗೆ ಬಸ್ಸಿನಲ್ಲಿ ಯಾರು ಹೋಗಬೇಕೆಂದು ನಾನು ಮನೆಯಲ್ಲೇ ಕೂತು ವಿಚಾರಿಸಿದ್ದೆ.

ಅವರು ಚಮಚ ಕೆಳಗಿಟ್ಟು, ತಮ್ಮ ಮೊಬೈಲ್ ತೆಗೆದರು. “ಕಾಲುವಿ ನೀರಿಗೆ ಜಗಳಾಡೀನ್ರಿ, ಸುಳ್ಳಲ್ಲ. ನಿಮ್ಮ ನಂಬರೂ ಹಾಕಿ ನೋಡೀನ್ರಿ. ಏನ್ ಬಂದೈತಿ, ನೀವಽ ಓದ್ರಿ.”

ನನ್ನ ನಂಬರಿನ ಮೇಲೆ ದಪ್ಪ ಅಕ್ಷರದಲ್ಲಿತ್ತು: ‘ಸಾಲಿ ಅಕ್ಕೋರು, ಎತ್ತಬ್ಯಾಡ.’

ಮಕ್ಕಳು ಶಾಲೆ ತಪ್ಪಿಸಿದಾಗಲೆಲ್ಲ ಶಿಕ್ಷಕಿಯಾದ ನಾನು ಪಾಲಕರಿಗೆ ಫೋನ್ ಮಾಡುತ್ತೇನೆ. ಅವರಲ್ಲೇ ಯಾರೋ ಹೀಗೆ ಬರೆದುಕೊಂಡಿರಬೇಕು ಎಂದು ಸಮಜಾಯಿಷಿ ಕೊಡುವಷ್ಟರಲ್ಲಿ ಅಡುಗೆಮನೆಯಿಂದ ಮಗಳು ಕಿಸಕ್ಕನೆ ನಕ್ಕಳು. ಅಪ್ಪನ ಪಕ್ಕದಲ್ಲಿ ಕೂತಿದ್ದ ವರನೂ ನಕ್ಕ. ಕೊನೆಗೆ ಬಸಣ್ಣನವರೂ ನಕ್ಕು, ಇನ್ನೊಂದು ಪ್ಲೇಟು ಅವಲಕ್ಕಿ ಕೇಳಿದರು.

ಸಂಬಂಧ ಕುದುರಿತು. ಅಂದಿನಿಂದ ನಾನು ಯಾರ ನಂಬರನ್ನೂ ಹುಡುಕಿಲ್ಲ. ಆದರೆ ಅವತ್ತೇ ಖುಷಿಯ ಸುದ್ದಿ ಹೇಳಲೆಂದು, ಎಲೆ ಅಡಿಕೆ ತರಲು ಪೇಟೆಗೆ ಹೋಗಿದ್ದ ನಮ್ಮ ಯಜಮಾನರಿಗೆ ಮೂರು ಸಲ ಫೋನ್ ಮಾಡಿದೆ. ಅವರು ಎತ್ತಲಿಲ್ಲ.